ಮುಂದಿನ ಕಾಲದ ಹಾಡು, ಹಿಂದಿನ ಕಾಲದ ಮೈಕ್‌ಸೆಟ್ಟು

ಮೈಕ್‌ಸೆಟ್ ಇಟ್ಟವನ ಹಣೇಬರಹದಲ್ಲಿ ಇಂಥವು ತಪ್ಪಿದ್ದಲ್ಲ. ಹಿರಿಯೂರಿನಲ್ಲಿ ನಾನು ಅಂಗಡಿ ತೆರೆದು ಮೂವತ್ತು ವರ್ಷದ ಮೇಲಾಯ್ತು. ಹೊಸ ಥರದ ಹಾಡು ಯಾವುದೇ ಬರಲಿ, ಜನ ಮೊದಲು ಬೈಯೋದು ಹಾಡಿಗಲ್ಲ, ಹಾಡಿದವನಿಗೂ ಅಲ್ಲ, ನನ್ನ ಮಿಷನ್ನಿಗೆ. ಹತ್ತು ವರ್ಷ ಬಿಟ್ಟು ಅದೇ ಹಾಡಿಗೆ ಅದೇ ಜನ ಟವೆಲ್ ಬೀಸಿ ಕುಣೀತಾರೆ. ಆಗ ನನ್ನ ಟೇಬಲ್ ಹತ್ತಿರ ಬಂದು "ಅವತ್ತು ಬೈದದ್ದು ತಪ್ಪಾಯ್ತಪ್ಪ" ಅಂದವರು ಇದುವರೆಗೂ ಒಬ್ಬರಿಲ್ಲ.

ಇದನ್ನೆಲ್ಲ ನನಗೆ ಅರ್ಥ ಮಾಡಿಸಿದವರು ಹೊಸದುರ್ಗದ ಕೀಬೋರ್ಡ್ ಮೇಷ್ಟ್ರು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸೋರು, ಉಳಿದ ಹೊತ್ತು ಮಕ್ಕಳಿಗೆ ಹಾರ್ಮೋನಿಯಂ ಪಾಠ. ಯಾವ ಹಾಡಿಗೆ ಜನ ಮುಖ ಸಿಂಡರಿಸಿದರೂ "ಅದು ಕೆಟ್ಟದ್ದಲ್ಲ ಕಣಯ್ಯ, ಕಾಲಕ್ಕಿಂತ ಮುಂದೆ ಐತೆ ಅಷ್ಟೇ" ಅನ್ನೋರು. ಹಾಗನ್ನೋಕೆ ಅವರಿಗೆ ಸ್ವಂತ ಕಾರಣ ಇತ್ತು. ಅವರೇ ಒಂದು ಹಾಡು ಕಟ್ಟಿದ್ದರು, ನಾಲ್ಕೂವರೆ ನಿಮಿಷದ್ದು. ಅವರಿಗಿದ್ದದ್ದು ಒಂದೇ ಆಸೆ. ಯಾವುದಾದರೂ ಸಮಾರಂಭದಲ್ಲಿ, ನಾಲ್ಕು ಜನರ ಮುಂದೆ, ಆ ಹಾಡು ಒಂದೇ ಒಂದು ಸಲ ಕಡೇತನಕ ಕೇಳಿಸಬೇಕು. ಅದರ ಕಥೆಗೆ ಬರ್ತೀನಿ. ಮೊದಲು ಬೇರೆಯವರ ಹಾಡಿಗೆ ಏನೇನಾಯ್ತು ಅಂತ ಹೇಳಿಬಿಡ್ತೀನಿ, ಪೆಟ್ಟು ತಿಂದವರು ಮೇಷ್ಟ್ರೊಬ್ಬರೇ ಅಲ್ಲ ಅಂತ ಗೊತ್ತಾಗಲಿ.

ಹೊಡೆದರೆ ಸರಿಹೋಗುವ ಹಾಡು

ಹೊಳಲ್ಕೆರೆ ಕಡೆ ಒಂದು ಮದುವೆ. ಆಗಿನ್ನೂ ಕ್ಯಾಸೆಟ್ ಕಾಲ. ಹೊಸದಾಗಿ ಬಂದ ಒಂದು ಸಿನಿಮಾ ಹಾಡಿನಲ್ಲಿ ಪಲ್ಲವಿ ಮುಗಿಯೋ ಹೊತ್ತಿಗೆ ಗಾಯಕನ ದನಿಯನ್ನ ಕಂಪ್ಯೂಟರಿನಲ್ಲಿ ತುಂಡು ತುಂಡು ಮಾಡಿ, ಒಂದೇ ಅಕ್ಷರ ಏಳೆಂಟು ಸಲ ಬಡಬಡ ಅಂತ ಬರೋ ಹಾಗೆ ಮಾಡಿದ್ದರು. ಈಗ ಅದಿಲ್ಲದ ಹಾಡೇ ಇಲ್ಲ. ಆಗ ನಮ್ಮ ಕಡೆ ಯಾರೂ ಕೇಳಿರಲಿಲ್ಲ.

ಆ ತುಂಡು ಬಂದ ಕೂಡಲೇ ಹೆಣ್ಣಿನ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು.

"ಲೇ, ಕ್ಯಾಸೆಟ್ ಸಿಗಾಕ್ಕಂಡೈತೆ ನೋಡಲೇ!"

"ಇಲ್ಲ ಯಜಮಾನ್ರೇ, ಹಾಡೇ ಹಂಗೈತೆ."

"ಹಾಡು ಹಂಗಿರ್ತೈತೇನಲೇ? ನನಗೇ ಹೇಳಿಕೊಡ್ತೀಯ?" ಅಂದವರೇ ಟೇಪ್ ಡೆಕ್ಕಿನ ತಲೆ ಮೇಲೆ ಅಂಗೈಯಿಂದ ಒಂದು ಬಿಟ್ಟರು. ಅವರ ಕೈ ಬೀಳೋದಕ್ಕೂ ಆ ತುಂಡು ತಾನಾಗಿ ಮುಗಿದು ಹಾಡು ಸಲೀಸಾಗಿ ಮುಂದೆ ಹೋಗೋದಕ್ಕೂ ಸರಿಹೋಯ್ತು. ಅವರು ಗೆದ್ದವರ ಹಾಗೆ ನನ್ನ ಮುಖ ನೋಡಿದರು.

ಚರಣ ಮುಗಿದು ಮತ್ತೆ ಅದೇ ಬಂತು. ಮತ್ತೆ ಹೊಡೆದರು. ಮತ್ತೆ ಸರಿಹೋಯ್ತು. ಹೊಸ ಹಾಡು, ಗಂಡಿನ ಕಡೆಯವರು ಅದನ್ನೇ ಹಾಕು ಅದನ್ನೇ ಹಾಕು ಅಂತ ಹೇಳಿ ಕಳಿಸ್ತಿದ್ದರು. ದೊಡ್ಡಪ್ಪ ನನ್ನ ಟೇಬಲ್ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಂತರು. ಧಾರೆಗೆ ಕರೆದರೆ "ನಾನೆದ್ರೆ ಇದು ನಿಂತೋಗ್ತೈತೆ, ನೀವೇ ಎರೀರಿ" ಅಂದರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ಬಲಗೈ ಎಲೆ ಮೇಲೆ, ಎಡಗೈ ಡೆಕ್ಕಿನ ಮೇಲೆ.

ಮೊನ್ನೆ ಅವರ ಮನೆಯದೇ ಇನ್ನೊಂದು ಮದುವೆ. ಈಗ ನಾನು ಲ್ಯಾಪ್‌ಟಾಪಿನಲ್ಲಿ ಹಾಡು ಹಾಕೋದು. ಯಜಮಾನರಿಗೆ ವಯಸ್ಸಾಗಿದೆ, ಕೋಲೂರಿಕೊಂಡು ಬಂದು ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಪಕ್ಕದವರಿಗೆ ಹೇಳಿದರು: "ಈಗಿಂದು ವಾಸಿ ಕಣಪ್ಪ. ಅವಾಗ ಇವ್ನ ಹತ್ರ ಇದ್ದದ್ದು ಹೊಡೀದೆ ಹಾಡ್ತಾನೇ ಇರ್ಲಿಲ್ಲ."

ದಿಬ್ಬಣದ ಹಾಡು

ಐಮಂಗಲದ್ದು ಇದಕ್ಕಿಂತ ಕಷ್ಟ. ನಮ್ಮ ಕಡೆ ಗಂಡಿನ ದಿಬ್ಬಣ ಬಂದರೆ ಹೆಣ್ಣಿನ ಮನೆ ಹೆಂಗಸರು ಆರತಿ ತಟ್ಟೆ, ಕಾಲಿಗೆ ನೀರು ಹಿಡಿದು ಎದುರುಗೊಳ್ಳಬೇಕು. ತಡವಾಯ್ತೋ, ಗಂಡಿನ ಕಡೆಯವರು ಬಸ್ಸಿನಿಂದ ಕಾಲು ಕೆಳಗಿಡೋದಿಲ್ಲ. ಅದೊಂದು ಪಂಚಾಯ್ತಿ ಆಗಿಬಿಡುತ್ತೆ.

ಆಗ ಒಂದು ಹಾಡು ಬಂದಿತ್ತು, ಶುರುವಾಗೋದೇ ಬಸ್ಸಿನ ಹಾರನ್ನಿನಿಂದ. ಆಮೇಲೆ ಇಂಜಿನ್ ಸದ್ದು, ಬ್ರೇಕು, ಬಾಗಿಲು ಧಡ್ ಅನ್ನೋದು, ಆಮೇಲೆ ತಾಳ. ಇವತ್ತು ಹಾಡಿನೊಳಗೆ ಮಿಕ್ಸಿ ತಿರುಗಿದರೂ ಯಾರೂ ಕೇಳಲ್ಲ. ಹೈವೇ ಪಕ್ಕದ ಮದುವೆ ಮನೆಯಲ್ಲಿ ನಾನು ಅದನ್ನ ಹಾಕಿದೆ. ಹಾರನ್ ಕೇಳಿದ್ದೇ ತಡ, ಒಳಗಿಂದ "ಬಂದ್ರು, ಬಂದ್ರು!" ಅಂತ ಹದಿನೈದು ಜನ ಹೆಂಗಸರು ಕರ್ಪೂರ ಹಚ್ಚಿಕೊಂಡು ರಸ್ತೆಗೆ ಓಡಿದರು. ರಸ್ತೆಯಲ್ಲಿ ಒಂದು ಈರುಳ್ಳಿ ಲಾರಿ ಹೋಗ್ತಿತ್ತು. ಡ್ರೈವರ್ ಆರತಿ ನೋಡಿ ಗಾಬರಿಯಾಗಿ ಸ್ಲೋ ಮಾಡಿ, ಕೈ ಮುಗಿದು ಮುಂದೆ ಹೋದ.

ಅರ್ಧ ಗಂಟೆ ಬಿಟ್ಟು ಹೆಣ್ಣಿನ ತಮ್ಮ ಬಂದು ಆ ಹಾಡೇ ಹಾಕಿ ಅಂದ. ಹಾಕಿದೆ. ಮತ್ತೆ ಓಡಿದರು. ಈ ಸಲ ಲಾರಿಯೂ ಇರಲಿಲ್ಲ. ವಾಪಸ್ಸು ಬರ್ತಾ ಒಬ್ಬೊಬ್ಬರೂ ನನ್ನನ್ನ ನೋಡಿಕೊಂಡೇ ಹೋದರು.

ಮೂರನೇ ಸಲ ನಿಜವಾದ ಬಸ್ಸು ಬಂತು. ಹಾರನ್ ಹೊಡೀತು. ಒಳಗಿಂದ ಒಂದು ನೊಣವೂ ಈಚೆ ಬರಲಿಲ್ಲ. ಬಸ್ಸಿನ ಮುಂದಿನ ಸೀಟಿನಿಂದ ಗಂಡಿನ ಅಪ್ಪ ಕೂಗಿದರು: "ಮರ್ಯಾದೆ ಇಲ್ಲದ ಮನೆ ಹೆಣ್ಣು ನಮಗ್ಯಾಕೆ? ತಿರುಗಿಸಪ್ಪ ಡ್ರೈವರ್, ಹೋಗಾಣ!" ಪಾಪ, ಮದುವೆ ಗಂಡೇ ಬಾಸಿಂಗ ಹಿಡಿದುಕೊಂಡು ಇಳಿದು ನನ್ನ ಹತ್ತಿರ ಓಡಿ ಬಂದ. "ಅಣ್ಣ, ಮೈಕಿನಾಗೆ ಹೇಳಣ್ಣ, ನಾನು ಬಂದೀನಿ ಅಂತ."

ನಾನು ಮೈಕು ಹಿಡಿದು ಸ್ಪಷ್ಟವಾಗಿ ಹೇಳಿದೆ: "ದಯವಿಟ್ಟು ಎಲ್ಲರೂ ಗಮನಿಸಿ. ದಿಬ್ಬಣ ಬಂದಿದೆ. ಮದುವೆ ಗಂಡು ನನ್ನ ಪಕ್ಕದಲ್ಲೇ ನಿಂತಿದ್ದಾರೆ."

ಒಳಗಿಂದ ಒಂದು ಮುದುಕಿ ದನಿ ಬಂತು: "ಈ ಸಲ ಮಾತೂ ಸೇರಿಸ್ಯಾರೆ ನೋಡ್ರೇ. ಯಾರೂ ಏಳಬ್ಯಾಡ್ರಿ."

ಇಲ್ಲೇ ಇದ್ದವನ್ನ ಕರೆಯೋದು

ಈಗ ಮೇಷ್ಟ್ರ ಹಾಡು. ಮಾತು ಎರಡೇ ಸಾಲು. ಮೊದಲ ಮೂರೂವರೆ ನಿಮಿಷ ಕೀಬೋರ್ಡಿನಲ್ಲಿ ಕುಂಯ್ ಕುಂಯ್ ಅನ್ನೋ ಸದ್ದು, ಅದರ ಕೆಳಗೆ ಮಿಷನ್ ತಾಳ. ಆಮೇಲೆ ಎಲ್ಲ ವಾದ್ಯ ನಿಂತುಹೋಗುತ್ತೆ. ಕಡೇ ಒಂದು ನಿಮಿಷ ಬರೀ ಒಬ್ಬ ಕುರುಬ ಸಂಜೆ ಕುರಿಗಳನ್ನ ಕರೆಯೋ ದನಿ, ಕೊರಳ ಗಂಟೆ, ಅಷ್ಟೇ. "ಮಜಾ ಇರೋದೇ ಕಡೇ ನಿಮಿಷದಾಗೆ" ಅನ್ನೋರು. ನನಗೂ ಅದನ್ನ ಕೇಳಿಸಿರಲಿಲ್ಲ. ಜನರ ಮಧ್ಯೆ ನಿಂತೇ ಕೇಳಬೇಕು ಅಂತ ಹಟ.

ಆ ದನಿಗೋಸ್ಕರ ನಾವಿಬ್ಬರೂ ಟೇಪ್ ರೆಕಾರ್ಡರ್ ಟವೆಲ್ಲಿನಲ್ಲಿ ಸುತ್ತಿಕೊಂಡು ಮತ್ತೋಡಿಗೆ ಹೋಗಿದ್ವಿ. ಅಲ್ಲೊಬ್ಬ ಕುರಿಯವನಿದ್ದ, ಎರಡು ಗುಡ್ಡ ದಾಟಿ ಕೇಳಿಸೋ ಗಂಟಲು. ಮೇಷ್ಟ್ರು ಮೈಕು ಹಿಡಿದು "ಹ್ಞೂಂ, ಕರೆಯಪ್ಪ" ಅಂದರು.

"ಯಾರ್ನ?"

"ಕುರಿಗಳ್ನ."

"ಇಲ್ಲೇ ಅವಲ್ಲ ಸ್ವಾಮಿ. ಕರ್ದು ಏನ್ಮಾಡಾಣ?"

"ಸುಮ್ನೆ ಕರಿಯೋ ಮಾರಾಯ, ಹಾಡಿಗೆ ಬೇಕು."

"ಸುಮ್ನೆ ಕರ್ದ್ರೆ ನಾಳಿಂದ ಅವು ನನ್ನ ನಂಬಾಕಿಲ್ಲ," ಅಂದ ಅವನು, ತೀರಾ ಗಂಭೀರವಾಗಿ.

ಸರಿ, ಮೇಷ್ಟ್ರೂ ನಾನೂ ಕುರಿಗಳನ್ನ ಅಟ್ಟಿಕೊಂಡು ಹಳ್ಳದ ಆಚೆ ದಂಡೆಗೆ ಬಿಟ್ಟು ಬಂದ್ವಿ. ಕುರಿ ಅಟ್ಟೋದು ಅಂದುಕೊಂಡಷ್ಟು ಸುಲಭ ಅಲ್ಲ, ಮೇಷ್ಟ್ರ ಪ್ಯಾಂಟು ಬೇಲಿಯಲ್ಲೇ ಉಳೀತು, ಕಾಲು ಭಾಗ. ವಾಪಸ್ಸು ಬಂದು ಏದುಸಿರು ಬಿಡ್ತಾ ನಿಂತಾಗ ಅವನು ಆಚೆ ದಂಡೆ ನೋಡಿ "ಹ್ಞಾಂ, ಈಗ ಕರೀಬೌದು" ಅಂದು, ಬಾಯಿಗೆ ಕೈ ಅಡ್ಡ ಹಿಡಿದು ಕರೆದ. ನಿಜ ಹೇಳ್ತೀನಿ, ನಾನೇ ಎರಡು ಹೆಜ್ಜೆ ಅವನ ಕಡೆ ಹೋಗಿಬಿಟ್ಟಿದ್ದೆ.

ಚಿತ್ರದುರ್ಗದಲ್ಲಿ ಒಂದು ಸಣ್ಣ ಸ್ಟುಡಿಯೋ ಹಿಡಿದು ಎಲ್ಲ ಸೇರಿಸಿದರು. ಸ್ಟುಡಿಯೋದವನು ಪೂರ್ತಿ ಕೆಲಸ ಮುಗಿಸಿ, ಹೆಡ್‌ಫೋನ್ ತೆಗೆದು ಹೇಳಿದ: "ಎಲ್ಲ ಚೆನ್ನಾಗಿ ಬಂದಿದೆ ಸಾರ್. ಹೊರಗೆ ಯಾರೋ ಕುರಿ ಕಾಯ್ತಿದ್ದಾರೆ ಅಂತ ಕಾಣುತ್ತೆ, ಸ್ವಲ್ಪ ಅದು ಸೇರಿಬಿಟ್ಟಿದೆ."

ಬಬ್ಬೂರಿನ ರಿಪೇರಿ

ಮುಂದಿನ ಎರಡು ವರ್ಷ ನಾನು ಹೋದ ಕಡೆಯೆಲ್ಲ ಆ ಕ್ಯಾಸೆಟ್ ಜೇಬಿನಲ್ಲಿರ್ತಿತ್ತು. ಒಂದು ನಾಮಕರಣದಲ್ಲಿ ಹಾಕಿದೆ, ನಲವತ್ತು ಸೆಕೆಂಡಿಗೆ ಮಗು ಅಳೋಕೆ ಶುರುಮಾಡ್ತು, ಅದರ ಅಜ್ಜಿ ನನ್ನನ್ನ ಬೈದು ನಿಲ್ಲಿಸಿದರು. ಒಂದು ಗೃಹಪ್ರವೇಶದಲ್ಲಿ ಒಂದೂವರೆ ನಿಮಿಷ ಹೋಯ್ತು, ಅಷ್ಟರಲ್ಲಿ ಮನೆಯವರು ಹೊಸ ವೈರಿಂಗ್ ಸುಟ್ಟುಹೋಯ್ತು ಅಂತ ಮೈನ್ ಸ್ವಿಚ್ಚೇ ಆಫ್ ಮಾಡಿದರು. ಮೇಷ್ಟ್ರು ಪ್ರತೀ ಸಲ ಇಸ್ತ್ರಿ ಶರ್ಟು ಹಾಕಿಕೊಂಡು ಬರೋರು, ಪ್ರತೀ ಸಲ ಊಟ ಮಾಡದೆ ಹೋಗೋರು. "ಕಾಲಕ್ಕಿಂತ ಮುಂದೆ ಐತೆ" ಅನ್ನೋದನ್ನ ಮಾತ್ರ ಬಿಡಲಿಲ್ಲ. ಆದರೆ ಬರಬರ್ತಾ ಅದನ್ನ ಮೆಲ್ಲಗೆ ಹೇಳ್ತಿದ್ದರು.

ಬಬ್ಬೂರಿನಲ್ಲಿ ನಿವೃತ್ತರಾಗೋ ಒಬ್ಬರಿಗೆ ಬೀಳ್ಕೊಡುಗೆ. ಓದಿದ ಜನ, ಕೇಳ್ತಾರೆ ಅಂತ ನಂಬಿಕೆಯಿಂದ ಹಾಕಿದೆ. ಕುಂಯ್ ಕುಂಯ್ ಶುರುವಾಯ್ತು. ಮುಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ರೇಡಿಯೋ ರಿಪೇರಿ ಕಲಿತವರಂತೆ. "ಏಳಪ್ಪ ಈಚೆಗೆ, ನಿನ್ನ ಆಂಪ್ಲಿಫೈಯರ್ ಕೂಗ್ತೈತೆ" ಅಂದರು.

"ಅದು ಸಂಗೀತ ಸಾರ್," ಅಂದರು ಮೇಷ್ಟ್ರು.

"ಗೊತ್ತಾತು ಬಿಡ್ರಿ, ಅದರ ಹಿಂದ್ಲದ್ದು ಹೇಳ್ತಿರೋದು ನಾನು" ಅಂದು ಆತ ಗುಬುಟುಗಳನ್ನ ಒಂದೊಂದಾಗಿ ತಿರುಗಿಸಿದರು. ಮೊದಲು ಕುಂಯ್ ಹೋಯ್ತು, ಆಮೇಲೆ ತಾಳ ಹೋಯ್ತು. ಕಡೆಗೆ ಸ್ಪೀಕರಿನಲ್ಲಿ ಉಳಿದದ್ದು ಗುಂಯ್ ಅನ್ನೋ ಕರೆಂಟಿನ ಸದ್ದು ಒಂದೇ. ಅವರು ಕೈ ಒರೆಸಿಕೊಂಡು "ನೋಡ್ರಿ, ಈಗ ಕ್ಲಿಯರ್ ಆತು" ಅಂದರು. ಜನ ಚಪ್ಪಾಳೆ ತಟ್ಟಿದರು.

ಎರಡನೇ ಪಂಕ್ತಿ

ಅದಾದ ಮೇಲೆ ಬಂದದ್ದು ಮತ್ತೋಡಿನ ಮದುವೆ. ಆ ಕುರಿಯವನ ಅಕ್ಕನ ಮಗಳದೇ. ಅವನು ಕುರಿಗಳನ್ನ ಗುಡ್ಡದ ಕಡೆ ಅಣ್ಣನಿಗೆ ಒಪ್ಪಿಸಿ ಬಂದು, ಹೊಸ ರುಮಾಲು ಸುತ್ತಿಕೊಂಡು ಪಾಯಸ ಬಡಿಸ್ತಿದ್ದ. ನಾನು ಹುಣಸೇ ಮರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಸ್ಪೀಕರ್ ಕಟ್ಟಿದ್ದೆ. ಮಧ್ಯಾಹ್ನ ಮೊದಲ ಪಂಕ್ತಿ ಕುಂತಿತ್ತು. "ನಿಲ್ಲಿಸು" ಅನ್ನಬಹುದಾದ ಯಜಮಾನರೆಲ್ಲ ಫೋಟೋಕ್ಕೆ ಹೋಗಿದ್ದರು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕ್ಯಾಸೆಟ್ ಹಾಕಿದೆ.

ಎರಡು ನಿಮಿಷ ಆಯ್ತು. ಯಾರೂ ಏನೂ ಅನ್ನಲಿಲ್ಲ. ಮೂರು ನಿಮಿಷ. ಮೇಷ್ಟ್ರು ನನ್ನ ಭುಜ ಹಿಡಿದ ಹಿಡಿತಕ್ಕೆ ಆಮೇಲೆ ಎರಡು ದಿನ ನೋವಿತ್ತು. ಮೂರೂವರೆಗೆ ವಾದ್ಯ ನಿಂತು, ಆ ಕರೆಯೋ ದನಿ ನಾಲ್ಕು ಸ್ಪೀಕರಿನಿಂದ ಒಟ್ಟಿಗೆ ಹೊರಟಿತು. ಪಾಯಸದ ಬಕೆಟ್ ಹಿಡಿದವನು ನಿಂತಲ್ಲೇ ನಿಂತು ಮರದ ಕಡೆ ನೋಡಿದ. ಆಮೇಲೆ ಗುಡ್ಡದ ಕಡೆ ನೋಡಿದ. ಅವನ ಮುಖ ಬಿಳುಚಿಕೊಂಡಿತು.

ಗುಡ್ಡದ ಕಡೆಯಿಂದ ಧೂಳು ಎದ್ದಿತ್ತು. ನೂರು ನೂರಿಪ್ಪತ್ತು ಕುರಿ, ಹಿಂದೆ ಬೊಬ್ಬೆ ಹೊಡೀತಾ ಅವನ ಅಣ್ಣ. ಬೇಲಿ ಹಾರಿ, ಚಪ್ಪರದೊಳಗೆ ನುಗ್ಗಿ, ಎರಡು ಸಾಲು ಎಲೆಗಳ ನಡುವೆ ಬಂದು ನಿಂತವು. ನಿಂತವು ಅಂದರೆ, ತಿನ್ನೋಕೆ. ಕುರಿಯವನು ಬಕೆಟ್ ಬಿಸಾಕಿ "ಹೋಗ್ರಲೇ! ಹೋಗ್ರಲೇ!" ಅಂತ ಕೂಗ್ತಾನೆ. ಮರದ ಮೇಲಿಂದ ಅವನದೇ ದನಿ ಬರ್ರಿ ಬರ್ರಿ ಅಂತ ಕರೀತೈತೆ. ಕುರಿಗಳು ಎರಡನ್ನೂ ಕೇಳಿ, ದೊಡ್ಡ ದನಿಯನ್ನ ನಂಬಿದವು.

ಹೆಣ್ಣಿನ ಅಪ್ಪ ಫೋಟೋ ಬಿಟ್ಟು ಓಡಿ ಬಂದರು. "ನಿಲ್ಲಿಸಲೇ ಅದನ್ನ!"

ಮೇಷ್ಟ್ರು ಅಡ್ಡ ನಿಂತರು. "ಇನ್ನು ಇಪ್ಪತ್ತೇ ಸೆಕೆಂಡು ಐತ್ರಿ, ಕೈ ಮುಗೀತೀನಿ, ಇಪ್ಪತ್ತೇ ಸೆಕೆಂಡು!"

ನಾನು ವೈರು ಕಿತ್ತೆ. ಇನ್ನೇನು ಮಾಡಬೇಕಿತ್ತು? ಒಂದು ಟಗರು ಮದುಮಗಳ ಹಾರಕ್ಕೆ ಬಾಯಿ ಹಾಕಿತ್ತು. ಮೇಷ್ಟ್ರು ನನ್ನನ್ನ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಯಾಸೆಟ್ ತೆಗೆದು ಟೇಬಲ್ ಮೇಲಿಟ್ಟು ಬಸ್ ಸ್ಟಾಪಿನ ಕಡೆ ನಡೆದುಬಿಟ್ಟರು. "ನನ್ನ ದನಿ ಐತಲ್ಲ ಇದ್ರಾಗೆ, ನಾನಿಟ್ಕಂತೀನಿ" ಅಂತ ಆ ಕುರಿಯವನೇ ಅದನ್ನ ಜೇಬಿಗೆ ಹಾಕಿಕೊಂಡ.

ಅಡುಗೆಯವನು ಹೊರಗೆ ಬಂದು ಚಪ್ಪರ ನೋಡಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದ: "ಎರಡನೇ ಪಂಕ್ತಿ ಇಷ್ಟು ಬೇಗ ಯಾರ್ರೀ ಕುಂಡ್ರಿಸಿದ್ದು?"

ಒಂದು ದೂರು

ಮೇಷ್ಟ್ರು ಆಮೇಲೆ ಹಾಡು ಕಟ್ಟಲಿಲ್ಲ. ಕೀಬೋರ್ಡಿಗೆ ಹಳೇ ದುಪ್ಪಟಿ ಸುತ್ತಿ ಅಟ್ಟಕ್ಕೆ ಹಾಕಿದರು, ಹಾರ್ಮೋನಿಯಂ ಪಾಠ ಮಾತ್ರ ಉಳಿಸಿಕೊಂಡರು. ನಾವು ಸಿಕ್ಕಾಗಲೆಲ್ಲ ಮಳೆ ಬಿಸಿಲು ಮಾತಾಡ್ತಿದ್ವಿ, ಆ ಹಾಡಿನ ಸುದ್ದಿ ತೆಗೀತಿರಲಿಲ್ಲ. ವೈರು ಕಿತ್ತ ಕೈ ನಂದು.

ಈ ವರ್ಷ ಬೇಸಿಗೆಗೆ ಮುಂಚೆ ಒಬ್ಬ ಮುದುಕ ಅಂಗಡಿಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ರುಮಾಲಿನಿಂದ ಗುರುತು ಸಿಕ್ಕಿತು. ಅದೇ ಕುರಿಯವನು. ಬಾಯಿ ತೆಗೆದರೆ ಗಾಳಿ ಬಂದಷ್ಟೇ ದನಿ. "ಗಂಟ್ಲು ಹೋಗೈತೆ, ಆಪರೇಷನ್ ಆತು. ಆ ಮೇಷ್ಟ್ರು ಎಲ್ಲವ್ರೆ? ಹಾಡಿನ ವಿಚಾರ ಒಂದು ದೂರು ಐತೆ."

ಫೋನ್ ಮಾಡಿದರೆ ಮೇಷ್ಟ್ರು "ಆ ಊಟದೆಲೆಗೆ ಕುರಿ ನುಗ್ಗಿದ ಜಗಳ ಇನ್ನೂ ಮುಗೀಲಿಲ್ವೇನಯ್ಯ?" ಅಂದರು. ಆದರೂ ಬಂದರು. ಬರುವಾಗ ಇಸ್ತ್ರಿ ಶರ್ಟು ಹಾಕಿದ್ದರು.

ಸಂಜೆ ನಾಲ್ಕೂವರೆಗೆ ಮತ್ತೋಡಿನ ಆಚೆ ಬಯಲಿನಲ್ಲಿ ನಿಂತ್ವಿ. ಕುರಿಗಳು ದೂರ ದೂರ ಚೆದುರಿ ಮೇಯ್ತಿದ್ದವು. ಮುದುಕನ ಕೋಲಿಗೆ ಒಂದು ಬ್ಲೂಟೂತ್ ಸ್ಪೀಕರ್ ನೇತಾಡ್ತಿತ್ತು. ಆ ಕ್ಯಾಸೆಟ್ಟಿನ ಹಾಡನ್ನ ಅವನ ಸೊಸೆ ಮೊಬೈಲ್ ಅಂಗಡಿಯಲ್ಲಿ ಫೋನಿಗೆ ಹಾಕಿಸಿಕೊಟ್ಟಿದ್ದಳಂತೆ. ಅವನು ಹೆಬ್ಬೆರಳಿನಿಂದ ಒತ್ತಿದ. ಕುಂಯ್ ಕುಂಯ್ ಶುರುವಾಯ್ತು.

ಮೇಷ್ಟ್ರು ಅಭ್ಯಾಸ ಬಲದಿಂದ ಸುತ್ತ ನೋಡಿದರು, ಯಾರು ನಿಲ್ಲಿಸೋಕೆ ಬರ್ತಾರೆ ಅಂತ. ಯಾರೂ ಬರಲಿಲ್ಲ. ಕುರಿಗಳು ಒಂದೊಂದಾಗಿ ತಲೆ ಎತ್ತಿದವು. "ಇದಕ್ಕೆ ಗುಂಪುಗೂಡ್ತವೆ," ಅಂದ ಮುದುಕ, "ಕಡೇ ನಿಮಿಷಕ್ಕೆ ಹೊರಡ್ತವೆ. ನಾಕು ವರ್ಷದಿಂದ ದಿನಾ ಹಿಂಗೇ." ಮೂರೂವರೆ ನಿಮಿಷಕ್ಕೆ ವಾದ್ಯ ನಿಂತು, ಇವನ ಪ್ರಾಯದ ಗಂಟಲು ಬಯಲಿನ ತುಂಬ ಕರೀತು. ಕುರಿಗಳೆಲ್ಲ ನಮ್ಮ ಕಡೆ ಹೊರಟವು. ಮೇಷ್ಟ್ರು ಬಾಯೊಳಗೆ ಸೆಕೆಂಡು ಎಣಿಸ್ತಿದ್ದರು. ನಾನು ವೈರು ಕಿತ್ತಿದ್ದ ಜಾಗ ಬಂತು, ದಾಟಿತು.

ಆ ಕಡೇ ಇಪ್ಪತ್ತು ಸೆಕೆಂಡು ನಾನು ಕೇಳಿದ್ದು ಅವತ್ತೇ ಮೊದಲು. ಕರೆ ನಿಂತು ಬರೀ ಗಂಟೆ ಸದ್ದು. ಆಮೇಲೆ ಏದುಸಿರು ಬಿಡ್ತಾ ಪ್ರಾಯದ ಮೇಷ್ಟ್ರ ದನಿ: "ಎಲ್ಲಾ ಬಂದ್ವೇನಪ್ಪ?" ಕುರಿಯವನ ದನಿ: "ಹ್ಞೂಂ, ಬಂದ್ವು." ಅಲ್ಲಿಗೆ ಹಾಡು ಮುಗೀತು.

ನೂರಾರು ಕುರಿ ನಮ್ಮ ಸುತ್ತ ಸುಮ್ಮನೆ ನಿಂತಿದ್ದವು. ಮೇಷ್ಟ್ರು ಅಳ್ತಿದ್ದರು. ನಾನೂ ಅತ್ತೆ, ಮುಚ್ಚಿಡೋದೇನು?

ಮುದುಕ ಕಾದು, ನಮ್ಮದು ಮುಗಿದ ಮೇಲೆ ಕೆಮ್ಮಿದ. "ಈಗ ದೂರು ಹೇಳ್ಲಾ?"

ಮೇಷ್ಟ್ರ ಮುಖ ಇಳಿದುಹೋಯ್ತು. "ಹೇಳಪ್ಪ."

"ಹಾಡು ಸಣ್ಣದಾತು ಸ್ವಾಮಿ."

ಮೇಷ್ಟ್ರು ಅವನನ್ನೇ ನೋಡಿದರು. "ಏನಂದೆ?"

ಮುದುಕ ಕೋಲು ಎತ್ತಿ ದೂರ ತೋರಿಸಿದ. ಬಯಲಿನ ಆ ಕೊನೆಯಲ್ಲಿ ಒಂದು ಕುಂಟ ಕುರಿ, ಒಂದೊಂದೇ ಹೆಜ್ಜೆ ಇಟ್ಟುಕೊಂಡು ಬರ್ತಿತ್ತು. "ಅದಿನ್ನೂ ಅಲ್ಲೇ ಐತೆ. ನಾನು ನೋಡಿದ್ರೆ ಹಾಡಿನಾಗೆ ಎಲ್ಲಾ ಬಂದ್ವು ಅಂತ ಹೇಳಿಬಿಡ್ತೀನಿ. ದಿನಾ ಸುಳ್ಳು ಹೇಳಿದಂಗಾಗ್ತೈತೆ. ತಿರುಗಿ ಮೊದ್ಲಿಂದ ಹಾಕಿದ್ರೆ ಬಂದವೆಲ್ಲ, ಇನ್ನೂ ಟೈಮ್ ಐತೆ ಅಂತ ವಾಪಸ್ ಮೇಯಾಕೆ ಹೋಗ್ತವೆ. ಸ್ವಲ್ಪ ಉದ್ದ ಮಾಡಿಕೊಡ್ರಿ."

ನಿಲ್ಲಿಸು ಅಂತ ಊರೂರು ಹೇಳಿದ ಹಾಡನ್ನ, ಒಬ್ಬ ಮನುಷ್ಯ ಸಾಲದು ಅಂತಿದ್ದಾನೆ. ಮೇಷ್ಟ್ರು ಶರ್ಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಗಂಟಲು ಸರಿಮಾಡಿಕೊಂಡು, ದೊಡ್ಡ ಸಂಗೀತ ನಿರ್ದೇಶಕರ ಹಾಗೆ ಕೇಳಿದರು: "ಎಷ್ಟು ಉದ್ದ ಬೇಕು?"

"ಅದು ಬರಾತನಕ," ಅಂದ ಮುದುಕ.

ಮೇಷ್ಟ್ರು ಕೈಯಿಂದ ವಾಚು ಬಿಚ್ಚಿ ಅಂಗೈಯಲ್ಲಿ ಹಿಡಿದು ಕುಂಟ ಕುರಿ ಕಡೆ ತಿರುಗಿ ನಿಂತರು. ನಾನು "ಸ್ವಲ್ಪ ಹೋಗಿ ಅಟ್ಟಿಕೊಂಡು ಬರ್ಲಾ ಮೇಷ್ಟ್ರೇ, ಹೊತ್ತಾತು" ಅಂದೆ.

"ಸುಮ್ನಿರಯ್ಯ," ಅಂದರು, "ತಾಳ ಕೆಡುತ್ತೆ."